ಮನೆಯ ಗಾಳಿಗೆ ಸರ್ಟಿಫಿಕೇಟು ಬೇಕೇ?

ಕಳೆದ ತಿಂಗಳು ಸಂಘದಿಂದ ಬಂದ ಸುತ್ತೋಲೆಯನ್ನು ಸದಸ್ಯ ಬಾಂಧವರು ನೋಡಿಯೇ ಇರುತ್ತೀರಿ. ಮನೆಯೊಳಗಿನ ಗಾಳಿಯನ್ನು ಪರೀಕ್ಷಿಸಿ ವರದಿ ಕೊಡುವ ಒಂದು ಕಂಪನಿಯವರು ನಮ್ಮ ಸದಸ್ಯ ಕುಟುಂಬಗಳಿಗೆ ರಿಯಾಯಿತಿ ದರದಲ್ಲಿ ಸೇವೆ ಒದಗಿಸುತ್ತಾರಂತೆ. ಇಪ್ಪತ್ತೈದು ಮನೆಗಳು ಒಟ್ಟಾದರೆ ಇನ್ನೂ ಕಡಿಮೆಯಂತೆ. ರಾಜ್ಯೋತ್ಸವದ ಸ್ಮರಣ ಸಂಚಿಕೆಗೆ ಒಂದು ಪುಟದ ಜಾಹೀರಾತನ್ನೂ ಕೊಡುತ್ತಾರಂತೆ. ಸಮಿತಿಯವರು ಸದುದ್ದೇಶದಿಂದಲೇ ಇದನ್ನು ಮುಂದಿಟ್ಟಿದ್ದಾರೆ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೂ ಈ ಯೋಜನೆಯನ್ನು ನಾವು ವಿರೋಧಿಸುತ್ತೇವೆ. ಏಕೆಂದು ಹೇಳಲು ಸಂಪಾದಕರು ಎರಡು ಪುಟ ಕೊಟ್ಟಿದ್ದಾರೆ. ಆ ಜಾಹೀರಾತಿನ ಪಕ್ಕದಲ್ಲೇ ಇದು ಅಚ್ಚಾದರೂ ನಮ್ಮ ಅಭ್ಯಂತರವಿಲ್ಲ.

ಈಸಾ ಟೌನಿನ ಒಂದು ಮನೆಯ ಸಂಗತಿಯನ್ನು ಮೊದಲು ಹೇಳುತ್ತೇವೆ. ಹೆಸರು ಬೇಡ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಏಳು ವರ್ಷದ ಒಬ್ಬಳು ಮಗಳು. ಮಗುವಿಗೆ ರಾತ್ರಿಯೆಲ್ಲ ಕೆಮ್ಮು, ಬೆಳಗಿನ ಜಾವ ಉಬ್ಬಸ. ರಜೆಗೆ ಊರಿಗೆ ಹೋಗಿ ಕುಂದಾಪುರದ ಮಳೆಯಲ್ಲಿ ತೊಯ್ದರೂ ಏನೂ ಆಗುವುದಿಲ್ಲ, ಇಲ್ಲಿಗೆ ಮರಳಿದ ವಾರದೊಳಗೆ ಮತ್ತೆ ಶುರು. ಗಾಬರಿಯಾದ ತಂದೆ ತಾಯಿ ಯಂತ್ರದವರನ್ನು ಕರೆಸಿದರು. ಅಂಗೈಯಗಲದ ಪೆಟ್ಟಿಗೆಯೊಂದನ್ನು ಕೋಣೆಯಿಂದ ಕೋಣೆಗೆ ಹಿಡಿದುಕೊಂಡು ಹೋದ ಹುಡುಗ ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಸಿದ. ವಾರದ ನಂತರ ಬಣ್ಣಬಣ್ಣದ ನಕ್ಷೆಗಳಿದ್ದ ದಪ್ಪ ವರದಿ ಬಂತು, ಅಲ್ಲಲ್ಲಿ ಕೆಂಪು ಗೆರೆ. ಕೊನೆಯ ಪುಟದಲ್ಲಿ ಅದೇ ಕಂಪನಿಯವರು ಮಾರುವ ಗಾಳಿ ಶುದ್ಧೀಕರಣ ಯಂತ್ರದ ಬೆಲೆಪಟ್ಟಿ. ಎರಡು ಯಂತ್ರ ಕೊಂಡರು. ಕೆಮ್ಮು ನಿಲ್ಲಲಿಲ್ಲ.

ಒಂದು ಶುಕ್ರವಾರ ಊಟಕ್ಕೆ ಕರೆದಿದ್ದಾಗ ನಾವು ಮಗುವಿನ ಕೋಣೆಗೆ ಹೋಗಿ ಬಟ್ಟೆಯ ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆಸಿದೆವು. ಹಿಂದಿನ ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಕಪ್ಪು ಬೂಷ್ಟು. ಏ.ಸಿ.ಯ ನೀರು ಹೊರಹೋಗುವ ಕೊಳವೆ ಗೋಡೆಯೊಳಗೇ ಸೋರುತ್ತಿತ್ತು. ವರದಿಯಲ್ಲಿ ಈ ಗೋಡೆಯ ಬಗ್ಗೆ ಒಂದಕ್ಷರವಿಲ್ಲ. ಪಾಪ, ಆ ಹುಡುಗನ ತಪ್ಪಲ್ಲ. ಕಪಾಟು ಎಳೆದು ನೋಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಪೆಟ್ಟಿಗೆಗೆ ಕಣ್ಣಿಲ್ಲ, ಮೂಗೂ ಇಲ್ಲ.

ಇದು ನಮ್ಮೊಬ್ಬರ ಹಟವಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೇ ಸ್ಪಷ್ಟವಾಗಿ ಹೇಳುತ್ತದೆ: ಬೂಷ್ಟು ಕಣ್ಣಿಗೆ ಕಾಣುತ್ತಿದ್ದರೆ ಬಹುಪಾಲು ಸಂದರ್ಭಗಳಲ್ಲಿ ಮಾದರಿ ತೆಗೆದು ಪರೀಕ್ಷಿಸುವ ಅಗತ್ಯವಿಲ್ಲ. ಗಾಳಿಯಲ್ಲಿ ಬೂಷ್ಟಿನ ಕಣಗಳು ಇಷ್ಟರೊಳಗಿರಬೇಕು ಎಂಬ ಸರ್ಕಾರಿ ಮಿತಿಯೇ ಅಲ್ಲಿಲ್ಲ. ಮಿತಿಯಿಲ್ಲದ ಮೇಲೆ ಪಾಸು ಫೇಲು ಹೇಳುವುದು ಹೇಗೆ? ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ತೇವ ಮತ್ತು ಬೂಷ್ಟಿನ ಬಗ್ಗೆ ಮಾರ್ಗದರ್ಶಿ ಹೊರಡಿಸಿದಾಗಲೂ ಅಂಕಿಯ ಮಿತಿಯನ್ನು ಹಾಕಲಿಲ್ಲ, ತೇವವನ್ನು ತಡೆಯಿರಿ, ಇದ್ದರೆ ಸರಿಪಡಿಸಿ ಎಂದಿತು. ಸೋರುವ ಕೊಳವೆಗೆ ಪ್ಲಂಬರ್ ಬೇಕು. ಮನೆಯ ಮಾಲೀಕರಿಗೆ ಫೋನು ಮಾಡಿ ಗಟ್ಟಿಯಾಗಿ ಕೇಳುವ ಧೈರ್ಯ ಬೇಕು. ನಮ್ಮವರಿಗೆ ಈ ಎರಡನೆಯದು ಸ್ವಲ್ಪ ಕಡಿಮೆ, ಎಲ್ಲಿ ಬಾಡಿಗೆ ಏರಿಸುತ್ತಾರೋ ಎಂಬ ಅಳುಕು.

ಆ ಕೆಂಪು ಗೆರೆಗಳು ಯಾವುವು ಎಂದು ವರದಿಯನ್ನು ತಿರುವಿ ನೋಡಿದೆವು. ಆವಿಯಾಗುವ ರಾಸಾಯನಿಕಗಳೆಲ್ಲವನ್ನೂ ಒಟ್ಟು ಸೇರಿಸಿ ಒಂದೇ ಸಂಖ್ಯೆ ಕೊಟ್ಟಿದ್ದರು. ಅಗ್ಗದ ಸಂವೇದಕಗಳಿಗೆ ಕಿತ್ತಳೆ ಸಿಪ್ಪೆಯ ವಾಸನೆಗೂ ಹೊಸ ಮಂಚದ ಪ್ಲೈವುಡ್ಡಿನಿಂದ ಹೊರಡುವ ಫಾರ್ಮಾಲ್ಡಿಹೈಡಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಯಜಮಾನರು ಆಫೀಸಿಗೆ ಹೊರಡುವ ಮೊದಲು ಹಾಕಿಕೊಂಡ ಅತ್ತರಿಗೂ ಅವು ಕೆಂಪಾಗುತ್ತವೆ. ಫಾರ್ಮಾಲ್ಡಿಹೈಡನ್ನೇ ಅಳೆಯಬೇಕಾದರೆ ಅದಕ್ಕೆಂದೇ ಇರುವ ಕೊಳವೆಯಲ್ಲಿ ಗಾಳಿ ಹಿಡಿದು ಪ್ರಯೋಗಶಾಲೆಗೆ ಕಳಿಸಬೇಕು. ಹಾಗೆ ಮಾಡುವ ಬಲ್ಲವರೂ ಇದ್ದಾರೆ, ಅವರ ವಿದ್ಯೆಯ ಮೇಲೆ ನಮಗೆ ಗೌರವವಿದೆ. ಅಂಥವರು ಬಂದರೆ ಮೊದಲು ಪ್ರಶ್ನೆ ಕೇಳುತ್ತಾರೆ, ಆಮೇಲೆ ಮನೆ ನೋಡುತ್ತಾರೆ, ಕೊನೆಗೆ ಯಂತ್ರ ತೆಗೆಯುತ್ತಾರೆ. ನಾವು ವೈದ್ಯರೂ ಹಾಗೆಯೇ ಕಲಿತವರು. ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಓದುವಾಗ ರೋಗಿಯ ಮೈ ಮುಟ್ಟದೆ ಎಕ್ಸ್‌ರೇ ಬರೆದರೆ ನಮ್ಮ ಮೇಷ್ಟ್ರು ವಾರ್ಡಿನಿಂದಲೇ ಹೊರಗೆ ಕಳಿಸುತ್ತಿದ್ದರು. ಹೊರದೇಶದ ರೆಸಿಡೆನ್ಸಿಯಲ್ಲಿ ಯಂತ್ರಗಳು ಹತ್ತು ಪಟ್ಟು ಹೆಚ್ಚಿದ್ದವು, ಪಾಠ ಅದೇ ಇತ್ತು. ಪರೀಕ್ಷೆ ಮಾಡುವವನೇ ಮದ್ದನ್ನೂ ಮಾರಿದರೆ ಏನಾಗುತ್ತದೆ ಎಂಬುದನ್ನು ನಮ್ಮ ವೃತ್ತಿಯಲ್ಲೇ ಸಾಕಷ್ಟು ಕಂಡಿದ್ದೇವೆ.

ಇನ್ನು ನಮ್ಮ ಮನೆಗಳ ನಿಜವಾದ ಸ್ಥಿತಿ. ಏ.ಸಿ. ಹಾಕಿದರೆ ಹೊಸ ಗಾಳಿ ಬರುತ್ತದೆ ಎಂದು ಓದಿದವರೂ ನಂಬಿದ್ದಾರೆ. ಗೋಡೆಯ ಮೇಲಿನ ಸ್ಪ್ಲಿಟ್ ಏ.ಸಿ. ಹೊರಗಿನ ಗಾಳಿಯನ್ನು ಒಂದು ಗುಟುಕೂ ಒಳಗೆ ತರುವುದಿಲ್ಲ. ಕೋಣೆಯಲ್ಲಿರುವ ಗಾಳಿಯನ್ನೇ ಹೀರಿ, ತಣಿಸಿ, ಅದನ್ನೇ ಬಿಡುತ್ತದೆ. ಏಪ್ರಿಲಿನಿಂದ ಅಕ್ಟೋಬರ್‌ವರೆಗೆ ಬಾಗಿಲು ಕಿಟಕಿ ಮುಚ್ಚಿ ನಾಲ್ಕು ಜನ ಉಸಿರು ಬಿಟ್ಟ ಗಾಳಿಯನ್ನೇ ನಾಲ್ಕು ಜನ ಎಳೆದುಕೊಳ್ಳುತ್ತಿರುತ್ತೇವೆ. ಇಲ್ಲಿನ ಹಿಂದಿನವರು ಇದಕ್ಕಿಂತ ಜಾಣರು. ಮುಹರ್ರಕ್‌ನಲ್ಲಿರುವ ಶೇಖ್ ಈಸಾ ಬಿನ್ ಅಲಿ ಅವರ ಮನೆಗೆ ಮಕ್ಕಳನ್ನು ಕರೆದುಕೊಂಡು ಹೋದವರು ಅಲ್ಲಿನ ಗಾಳಿ ಗೋಪುರವನ್ನು ನೋಡಿರುತ್ತೀರಿ. ಎತ್ತರದಲ್ಲಿ ಬೀಸುವ ಗಾಳಿಯನ್ನು ಹಿಡಿದು ಕೋಣೆಯೊಳಕ್ಕೆ ಇಳಿಸುವ ಏರ್ಪಾಡು ಅದು. ನಮ್ಮ ತೊಟ್ಟಿ ಮನೆಯೂ ಬೆಳಕಿಂಡಿಯೂ ಅದರ ಸೋದರ ಸಂಬಂಧಿಗಳೇ. ಫ್ಲಾಟುಗಳಲ್ಲಿ ಆ ಕೆಲಸಕ್ಕೆ ಉಳಿದಿರುವುದು ಅಡುಗೆಮನೆ ಮತ್ತು ಬಚ್ಚಲಿನ ಎಕ್ಸಾಸ್ಟ್ ಫ್ಯಾನು ಮಾತ್ರ. ಅದನ್ನೂ ಸದ್ದಾಗುತ್ತದೆಂದು ಆರಿಸುತ್ತೇವೆ. ಅಥವಾ ಜಿರಳೆ ಬರುತ್ತದೆಂದು ರಟ್ಟು ಅಂಟಿಸಿರುತ್ತೇವೆ.

ಒಗ್ಗರಣೆಯ ಘಾಟು, ಬಂಗುಡೆ ಹುರಿಯುವ ಹೊಗೆ, ಗ್ಯಾಸ್ ಉರಿಯಿಂದ ಹುಟ್ಟುವ ನೈಟ್ರೋಜನ್ ಡೈಆಕ್ಸೈಡ್ ಎಲ್ಲವೂ ಹೀಗೆ ಒಳಗೇ ಉಳಿಯುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಮತ್ತಿತರರು ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭಿಸಿದ್ದು, ಅಲ್ಲಿಂದ ಅಸ್ತ್ರ ಒಲೆ ಹಳ್ಳಿಗಳಿಗೆ ಬಂದದ್ದು ನಮ್ಮ ವಯಸ್ಸಿನವರಿಗೆ ನೆನಪಿರಬಹುದು. ಸೌದೆ ಉಳಿಸುವುದರ ಜೊತೆಗೆ ಹೊಗೆಯನ್ನು ಚಿಮಣಿಯಲ್ಲಿ ಹೊರಗೆ ಹಾಕುವುದು ಅದರ ಗುಣ. ಅವ್ವ ಊದುಗೊಳವೆ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ಕಂಡು ಬೆಳೆದ ನಾವು, ಅಮೃತಶಿಲೆಯ ಅಡುಗೆಕಟ್ಟೆಯ ಮುಂದೆ ಫ್ಯಾನಿನ ಗುಂಡಿ ಒತ್ತಲು ಮರೆಯುತ್ತೇವೆ.

ಊದುಬತ್ತಿಯ ಮಾತು ಎತ್ತಿದರೆ ಕೆಲವರಿಗೆ ಸಿಟ್ಟು ಬರುತ್ತದೆಂದು ಬಲ್ಲೆವು. ಮೈಸೂರಿನ ಊದುಬತ್ತಿಯ ಪರಿಮಳ ನಮಗೂ ಪ್ರಿಯವೇ, ನೆರೆಯ ಅರಬ್ ಮನೆಯ ಬಖೂರ್ ಕೂಡ. ದೇವರ ಮುಂದೆ ಒಂದು ಕಡ್ಡಿ ಹಚ್ಚಿ ಕಿಟಕಿ ಸ್ವಲ್ಪ ತೆರೆದಿಡಿ, ಯಾವ ದೇವರೂ ಮುನಿಯುವುದಿಲ್ಲ. ಮುಚ್ಚಿದ ಫ್ಲಾಟಿನಲ್ಲಿ ಬೆಳಿಗ್ಗೆ ಐದು ಕಡ್ಡಿ, ಸಂಜೆ ಸಾಂಬ್ರಾಣಿ, ರಾತ್ರಿ ಸೊಳ್ಳೆ ಬತ್ತಿ, ಪಕ್ಕದ ಕೋಣೆಯಲ್ಲಿ ಉಬ್ಬಸದ ಮಗು ಎಂದರೆ ನಾವು ಸುಮ್ಮನಿರಲಾರೆವು.

ಎಲ್ಲಕ್ಕಿಂತ ಹೆಚ್ಚಿನ ಅಪಾಯ ಜಿರಳೆ ತಿಗಣೆಗಳಿಗೆ ಇಡುವ ಮಾತ್ರೆಯದು. ಜಿರಳೆ ಇರಲೇಬಾರದು ಎಂಬುದು ಸರಿ. ಅಮೆರಿಕದ ನಗರಗಳ ಮಕ್ಕಳ ಮೇಲೆ ನಡೆಸಿ 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜಿರಳೆಯ ಅಲರ್ಜಿಯಿದ್ದು ಮಲಗುವ ಕೋಣೆಯಲ್ಲಿ ಜಿರಳೆ ಹೆಚ್ಚಿದ್ದ ಮಕ್ಕಳು ಅಸ್ತಮಾದಿಂದ ಆಸ್ಪತ್ರೆ ಸೇರುವುದು ಹೆಚ್ಚೆಂದು ಕಂಡುಬಂತು. ಆದರೆ ಯಾರೋ ಪರಿಚಯದವರು ಪೊಟ್ಟಣದಲ್ಲಿ ಕಟ್ಟಿಕೊಡುವ ಬೂದು ಬಣ್ಣದ ಮಾತ್ರೆ ಕಾಳಿನ ಗೋದಾಮಿಗೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಆಗಿರಬಹುದು. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನಿಲ ಹೊರಡುತ್ತದೆ. ಅದು ಗೋಡೆಯ ಬಿರುಕಿನಿಂದ, ಕೊಳವೆಯ ಸಂದಿನಿಂದ ಪಕ್ಕದ ಫ್ಲಾಟಿಗೂ ನುಗ್ಗುತ್ತದೆ. ವಾಂತಿ, ಹೊಟ್ಟೆನೋವು ಎಂದು ಮಗುವನ್ನು ಕರೆತಂದರೆ ಊಟದ ದೋಷವೆಂದೇ ಮೊದಲು ತೋರುತ್ತದೆ. ಅಷ್ಟರಲ್ಲಿ ಹೃದಯ ಸೋಲತೊಡಗಿರುತ್ತದೆ. ಇದಕ್ಕೆ ಪ್ರತಿವಿಷವಿಲ್ಲ. ಮಾತ್ರೆ ಇಟ್ಟವರು ಬೀಗ ಹಾಕಿ ಊರಿಗೆ ಹೋಗಿದ್ದು, ಪಕ್ಕದ ಮನೆಯ ಮಕ್ಕಳು ತೀರಿಕೊಂಡ ಸುದ್ದಿಗಳು ಕೊಲ್ಲಿಯ ಪತ್ರಿಕೆಗಳಲ್ಲಿ ಒಂದಲ್ಲ ಹಲವು ಬಾರಿ ಬಂದಿವೆ. ಗಾಳಿ ಪರೀಕ್ಷೆಯವನ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಫಾಸ್ಫೀನಿನ ಸಂವೇದಕವೇ ಇರುವುದಿಲ್ಲ. ರಜೆಗೆ ಹೊರಡುವ ಮೊದಲು ಯಾರಾದರೂ ಸದಸ್ಯರು ಆ ಮಾತ್ರೆಯನ್ನು ಮನೆಯಲ್ಲಿಟ್ಟು ಹೋಗುವವರಿದ್ದರೆ, ದಯವಿಟ್ಟು ಈ ಒಂದು ಪ್ಯಾರಾವನ್ನು ಎರಡು ಸಲ ಓದಿ.

ಅಳೆಯಲೇಬೇಕಾದ್ದು ಯಾವುದೂ ಇಲ್ಲವೇ ಎಂದರೆ, ಇದೆ. ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಚಳಿಗಾಲದಲ್ಲಿ ಸಖೀರ್ ಕಡೆ ಡೇರೆ ಹಾಕಿ, ಮಾಂಸ ಸುಟ್ಟ ಇದ್ದಿಲಿನ ಒಲೆಯನ್ನು ಬೆಚ್ಚಗಿರಲೆಂದು ಒಳಗೆ ಎಳೆದುಕೊಂಡು ಮಲಗುವ ನಮ್ಮ ಹುಡುಗರು ಕೇಳಿಸಿಕೊಳ್ಳಬೇಕು. ತಲೆನೋವು ಬಂದು ಎಚ್ಚರವಾದರೆ ಅದೃಷ್ಟ. ಬ್ಯಾಟರಿಯಿಂದ ನಡೆಯುವ ಒಂದು ಅಲಾರಂ ಸಾಕು, ವರದಿ ಬೇಡ.

ಇನ್ನೊಂದು ಇಂಗಾಲದ ಡೈಆಕ್ಸೈಡ್. ಅದು ಸಾಮಾನ್ಯ ಮಟ್ಟದಲ್ಲಿ ವಿಷವಲ್ಲ, ಆದರೆ ಕೋಣೆಯಲ್ಲಿ ಹಳಸಿದ ಉಸಿರು ಎಷ್ಟಿದೆ ಎಂದು ಹೇಳುವ ಸಾಕ್ಷಿ. ಮ್ಯೂನಿಕ್‌ನ ಮಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಷ್ಟು ಹಿಂದೆಯೇ 1000 ಪಿ.ಪಿ.ಎಂ. ದಾಟಿದರೆ ಕೋಣೆಯ ಗಾಳಿ ಕೆಟ್ಟಿದೆಯೆಂದು ತಿಳಿಯಿರಿ ಎಂದಿದ್ದರು. ಬಯಲಿನ ಗಾಳಿಯಲ್ಲಿ ಈಗ ಅದು ಸುಮಾರು 420. ಈಸಾ ಟೌನಿನ ಒಂದು ಟ್ಯೂಷನ್ ಕೋಣೆಗೆ ನಮ್ಮ ಚಿಕ್ಕ ಮೀಟರನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆವು, ಅಣ್ಣನ ಮಗನನ್ನು ಕರೆತರುವ ನೆಪದಲ್ಲಿ. ಹನ್ನೆರಡಡಿ ಉದ್ದಗಲದ ಕೋಣೆ, ಹದಿನೆಂಟು ಮಕ್ಕಳು, ಒಂದು ಸ್ಪ್ಲಿಟ್ ಏ.ಸಿ., ಅಂಟು ಪಟ್ಟಿ ಹಚ್ಚಿ ಮುಚ್ಚಿದ ಕಿಟಕಿ. ಮೀಟರು 3000 ದಾಟಿತ್ತು. ಒಬ್ಬ ಹುಡುಗ ಕೆಮ್ಮುತ್ತಿದ್ದ, ಇಬ್ಬರು ತೂಕಡಿಸುತ್ತಿದ್ದರು. ತೂಕಡಿಸಿದವನಿಗೆ ಮೇಷ್ಟ್ರು ಬೈದರು. ಕೊರೋನಾ ಕಾಲದಲ್ಲಿ, 2021ರ ಮಾರ್ಚಿನಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಮನೆಗಳಲ್ಲದ ಕಟ್ಟಡಗಳಲ್ಲಿ ತಲೆಗೆ ಸೆಕೆಂಡಿಗೆ 10 ಲೀಟರ್ ಹೊಸ ಗಾಳಿ ಬೇಕೆಂದು ಹೇಳಿತ್ತು. ಆ ಕೋಣೆಗೆ ಬಾಗಿಲು ತೆರೆದಾಗ ಬಂದಷ್ಟೇ ಗಾಳಿ. ನಾವು ಫೀಜು ಕೊಡುತ್ತಿದ್ದೇವೆ, ಕೇಳುವ ಹಕ್ಕಿದೆ, ಯಾರೂ ಕೇಳುತ್ತಿಲ್ಲ. ಹತ್ತು ಜನ ಕೂಲಿಕಾರರು ಮಲಗುವ ಕೋಣೆಗಳ ಸ್ಥಿತಿಯೂ ಹೀಗೆಯೇ, ಅವರಲ್ಲಿ ನಮ್ಮ ಕಡೆಯವರೂ ಇದ್ದಾರೆ. ಅವರಿಗೆ ರಿಯಾಯಿತಿ ದರದ ಸುತ್ತೋಲೆ ಯಾರೂ ಕಳಿಸಿಲ್ಲ. ಪರೀಕ್ಷೆ ಎಂಬುದು ನಿಜವಾಗಿ ಸಲ್ಲಬೇಕಾದದ್ದು ಇಂಥ ಕಡೆ, ತನ್ನ ಕೈಯಲ್ಲಿ ಕಿಟಕಿ ತೆರೆಯುವ ಅಧಿಕಾರವಿಲ್ಲದವರು ಕೂರುವ, ಮಲಗುವ ಕಡೆ.

ಕಿಟಕಿ ತೆರೆದರೆ ಧೂಳಲ್ಲವೇ ಡಾಕ್ಟ್ರೇ ಎಂದು ಕೇಳುವವರಿಗೆ: ಜೂನಿನಲ್ಲಿ ಶಮಾಲ್ ಗಾಳಿ ಬೀಸುವಾಗ ಖಂಡಿತ ತೆರೆಯಬೇಡಿ. ಆಗಸ್ಟಿನ ಸೆಕೆಯಲ್ಲಿ ತೆರೆದಿಟ್ಟು ಏ.ಸಿ.ಯನ್ನು 18ಕ್ಕೆ ಇಡುವುದೂ ತಪ್ಪು. ತಣ್ಣಗಾದ ಗೋಡೆಗೆ ಹೊರಗಿನ ತೇವದ ಗಾಳಿ ತಾಗಿ ನೀರಾಡುತ್ತದೆ, ಅದೇ ಬೂಷ್ಟಿಗೆ ಅನ್ನ. 24ಕ್ಕೆ ಇಟ್ಟು, ಅಡುಗೆ ಮಾಡುವಾಗಲೂ ಸ್ನಾನದ ನಂತರ ಅರ್ಧ ಗಂಟೆಯೂ ಎಕ್ಸಾಸ್ಟ್ ಓಡಿಸಿ, ಗಾಳಿ ಒಳಬರಲು ಎಲ್ಲಾದರೂ ಎರಡು ಬೆರಳು ಸಂದಿಡಿ. ನವೆಂಬರಿನಿಂದ ಮಾರ್ಚಿನವರೆಗೆ, ಧೂಳಿಲ್ಲದ ದಿನ, ಎದುರು ಬದುರಿನ ಎರಡು ಕಿಟಕಿ ಬೆಳಿಗ್ಗೆ ತೆರೆಯಿರಿ. ಏ.ಸಿ.ಯ ಜಾಲರಿಯನ್ನು ತಿಂಗಳಿಗೊಮ್ಮೆ ನಲ್ಲಿಯ ಕೆಳಗೆ ಹಿಡಿದರೆ ಸಾಕು, ಮಕ್ಕಳೂ ಮಾಡಬಲ್ಲರು. ಅಸ್ತಮಾ ಇರುವ ಮನೆಯಲ್ಲಿ ಒಳ್ಳೆಯ ಹೆಪಾ ಫಿಲ್ಟರಿನ ಯಂತ್ರದಿಂದ ಧೂಳಿನ ದಿನಗಳಲ್ಲಿ ಉಪಯೋಗವಿದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಓಜೋನ್ ಬಿಟ್ಟು ಗಾಳಿಯನ್ನು ತಾಜಾ ಮಾಡುತ್ತೇನೆ ಎನ್ನುವ ಯಂತ್ರವನ್ನು ಮಾತ್ರ ಹೊಸ್ತಿಲು ದಾಟಿಸಬೇಡಿ. ಓಜೋನ್ ಶ್ವಾಸಕೋಶವನ್ನು ಕೆರಳಿಸುವ ಅನಿಲ.

ಆದ್ದರಿಂದ ಮುಂದಿನ ಸಭೆಯಲ್ಲಿ ನಮ್ಮ ಸೂಚನೆ ಹೀಗಿರುತ್ತದೆ. ಆ ಕಂಪನಿಯ ಒಪ್ಪಂದ ಬೇಡ, ಜಾಹೀರಾತಿನ ಹಣವೂ ಬೇಡ. ಸಂಘದ ಖರ್ಚಿನಲ್ಲಿ ಇಂಗಾಲದ ಡೈಆಕ್ಸೈಡ್ ಅಳೆಯುವ ಎರಡು ಒಳ್ಳೆಯ ಮೀಟರುಗಳನ್ನು ಕೊಂಡು, ಗ್ರಂಥಾಲಯದ ಪುಸ್ತಕಗಳಂತೆ ರಿಜಿಸ್ಟರಿನಲ್ಲಿ ಬರೆದು ಸದಸ್ಯರಿಗೆ ವಾರಕ್ಕೊಬ್ಬರಂತೆ ಕೊಡೋಣ. ಮೊದಲ ವಾರ ಅದು ಟ್ಯೂಷನ್ ಕೋಣೆಗಳಿಗೆ ಹೋಗಲಿ, ಎರಡನೆಯ ವಾರ ನಮ್ಮದೇ ಮಕ್ಕಳು ಯಕ್ಷಗಾನದ ಅಭ್ಯಾಸ ಮಾಡುವ ಬಾಡಿಗೆ ಹಾಲಿಗೆ. ಅಂಕಿಗಳನ್ನು ಈ ವಾರ್ತಾಪತ್ರದಲ್ಲೇ ಅಚ್ಚು ಹಾಕೋಣ. ಕಪಾಟು ಎಳೆದು ನೋಡಬೇಕಾದ ಮನೆಗಳಿದ್ದರೆ ಶುಕ್ರವಾರ ಸಂಜೆ ನಾವು ಬರುತ್ತೇವೆ, ಫೀಜಿಲ್ಲ. ಒಂದು ಲೋಟ ಕಾಫಿ ಸಾಕು.