ಬಾಣಂತಿಯ ಮನೋಚಿಕಿತ್ಸೆಯಲ್ಲಿ ಮನೆಯ ಆಚಾರಕ್ಕೆ ಜಾಗ ಬೇಕೆ?

ಪರ: ಆಪ್ತಸಮಾಲೋಚಕಿ

ಬೇಕೇ ಬೇಕು. "ಮನಸ್ಸಿಗೆ ಬೇಸರವಿದೆಯಾ?" ಎಂದು ಬಾಣಂತಿಯನ್ನು ಕೇಳಿ ನೋಡಿ. ಅತ್ತೆ ಬಾಗಿಲಲ್ಲೇ ನಿಂತಿರುತ್ತಾರೆ. "ಏನಿಲ್ಲಕ್ಕಾ, ಚೆನ್ನಾಗಿದೀನಿ" ಅಂತಾಳೆ. "ಮಗು ಮಲಗಿದ ಮೇಲೂ ನಿದ್ದೆ ಹತ್ತಲ್ವೇನಮ್ಮಾ? ಎದೆ ಢವಗುಡುತ್ತಾ?" ಅಂದರೆ ಕಣ್ಣು ತುಂಬಿ ಬರುತ್ತದೆ. ಬಾಣಂತಿಯ ಖಿನ್ನತೆ ಗುರುತಿಸುವ ಎಡಿನ್‌ಬರೋ ಮಾಪಕದ ಹತ್ತು ಪ್ರಶ್ನೆಗಳು ಕನ್ನಡದಲ್ಲೂ ಇವೆ, ನಾನೂ ಬಳಸುತ್ತೇನೆ. ಆದರೆ ಮೊದಲು ಕೋಣೆಯೊಳಗೆ ಕೂತು ಮಗುವನ್ನು ಎತ್ತಿಕೊಳ್ಳಬೇಕು.

ನಮ್ಮ ಬಾಣಂತನವೇ ಅರ್ಧ ಚಿಕಿತ್ಸೆ. ತವರಿನಲ್ಲಿ ಮೂರು ತಿಂಗಳು ಅವ್ವನ ಎಣ್ಣೆನೀರು, ಸಾಂಬ್ರಾಣಿ ಹೊಗೆ, ನಡುರಾತ್ರಿ ಮಗು ಅತ್ತರೆ ಎತ್ತಿಕೊಳ್ಳಲು ಇನ್ನೊಂದು ಜೀವ. ನಿದ್ದೆಗೆಟ್ಟರೆ ಬಾಣಂತಿ ಸನ್ನಿ ಕೆರಳುತ್ತದೆಂದು ವೈದ್ಯರೂ ಒಪ್ಪುತ್ತಾರೆ. ಆ ನಿದ್ದೆಯನ್ನು ಕಾಯುವ ಅವ್ವನನ್ನು ಹಿಂದುಳಿದವಳೆಂದು ಗದರಿ ಆಚೆ ಕೂರಿಸುವುದು ಯಾವ ನ್ಯಾಯ? ನಲವತ್ತು ದಿನ ಹೊಸಿಲು ದಾಟದ ಮುಸ್ಲಿಂ ಮನೆಯ ಹುಡುಗಿಗೆ "ಬುಧವಾರ ಓಪಿಡಿಗೆ ಬಾ" ಎಂದರೆ ಹೇಗೆ ಬಂದಾಳು? ಮಗುವನ್ನು ನೋಡಲು 42 ದಿನದೊಳಗೆ ಆರು ಸಲ ಆಶಾ ಕಾರ್ಯಕರ್ತೆ ಆ ಮನೆಗೆ ಹೋಗುತ್ತಾಳಲ್ಲ, ತಾಯಿಯ ಮನಸ್ಸನ್ನೂ ಆಗಲೇ ವಿಚಾರಿಸಲಿ. ನಾನು ಬಲ್ಲ ಒಬ್ಬಳ ತಾಯತವನ್ನು ಆಸ್ಪತ್ರೆಯೊಂದರಲ್ಲಿ ಬಿಚ್ಚಿಸಿದರು. ಅವಳು ಮತ್ತೆ ಆ ಕಡೆ ತಲೆಹಾಕಲಿಲ್ಲ.

ಮೂಢನಂಬಿಕೆಗೆ ಮಣೆ ಹಾಕುತ್ತೀರಿ ಎನ್ನುತ್ತಾರೆ. ಅನ್ನಲಿ ಬಿಡಿ, ದಾರ ಕಟ್ಟಿಕೊಂಡವಳು ಮಾತ್ರೆಯನ್ನೂ ನುಂಗುತ್ತಾಳೆ. "ಗಾಳಿ ಸೋಕಿದೆ" ಎಂದು ಮನೆಯವರು ಅಂದಾಗ ನಾನು ವಾದಕ್ಕಿಳಿಯುವುದಿಲ್ಲ. ಒಮ್ಮೆ ಒಬ್ಬ ಬಾಣಂತಿಯ ಮನೆಯಲ್ಲಿ ಹಾಗೆ ಸುಮ್ಮನಿದ್ದು ಒಂದು ವಾರ ಕೈತಪ್ಪಿತು, ಅಷ್ಟರಲ್ಲಿ ಆಕೆ ಮಗುವನ್ನೇ ಗುರುತಿಸುತ್ತಿರಲಿಲ್ಲ. ಆ ವಾರ ಈಗಲೂ ನನ್ನ ನಿದ್ದೆ ಕೆಡಿಸುತ್ತದೆ.

ವಿರೋಧ: ತಾಲ್ಲೂಕು ಆಸ್ಪತ್ರೆಯ ವೈದ್ಯ

ಮೊದಲನೆಯದು, ಬಾಣಂತಿ ಸನ್ನಿ ಸಾವಿರ ಹೆರಿಗೆಯಲ್ಲಿ ಒಬ್ಬಿಬ್ಬರಿಗೆ ಬರುತ್ತದೆ. ಬಂದರೆ ಅದು ತುರ್ತು. ಹರಕೆ ತೀರಿಸಿ ಬರುತ್ತೇವೆಂದರೆ ಕಾಯಲಾಗದು.

ಎರಡನೆಯದು, ಆಚಾರ ಬಾಣಂತಿಯದಲ್ಲ, ಮನೆಯ ಹಿರಿಯರದು. ತುಮಕೂರು, ಚಿತ್ರದುರ್ಗದ ಕೆಲವು ಗೊಲ್ಲರಹಟ್ಟಿಗಳಲ್ಲಿ ಸೂತಕವೆಂದು ಬಾಣಂತಿಯನ್ನೂ ಕೂಸನ್ನೂ ಊರಾಚೆಯ ಗುಡಿಸಲಲ್ಲಿ ಇರಿಸುತ್ತಿದ್ದರು. 2023ರಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಹಾಗಿದ್ದ ಕೂಸು ತೀರಿಕೊಂಡಿತು. ಅಂಥ ಒಂಟಿತನದಲ್ಲಿ ಯಾವ ಮನಸ್ಸು ನೆಟ್ಟಗಿದ್ದೀತು?

ಮೂರನೆಯದು, ಕಾನೂನು ಎಲ್ಲರಿಗೂ ಒಂದೇ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ಇದಕ್ಕೆ ಜಾತಿ, ಮತ ಕೇಳಬೇಕಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಸಲಹೆಯೂ ಸಿಗುತ್ತದೆ.

ಬೆಂಗಳೂರಿನ ನಿಮ್ಹಾನ್ಸ್‌ ಆಸ್ಪತ್ರೆಯಲ್ಲಿ 2009ರಲ್ಲಿ ಶುರುವಾದ ತಾಯಿ-ಮಗು ವಾರ್ಡಿನಲ್ಲಿ ಬಾಣಂತಿಯ ಜೊತೆ ಮನೆಯ ಹೆಂಗಸೊಬ್ಬರನ್ನೂ ಇರಿಸಿಕೊಳ್ಳುತ್ತಾರೆ. ಆಚಾರಕ್ಕೆ ಜಾಗವೆಂದರೆ ಇಷ್ಟೇ ಆದರೆ ನನ್ನ ತಕರಾರಿಲ್ಲ. ನಾನು ಬೆಂಗಳೂರಿಗೆ ಕಳಿಸಿದ ಬಾಣಂತಿಯರಲ್ಲಿ ಅವ್ವನೊಡನೆ ಹೋದವರು ಚಿಕಿತ್ಸೆ ನಡುವೆ ಬಿಟ್ಟು ಬಂದದ್ದನ್ನು ನಾನು ಕಂಡಿಲ್ಲ.