ಕೆರೆ ಏರಿಯ ಮೇಲೆ ಒಂದು ತರಗತಿ

ಎಲ್ಲ ಹಂತದ ಶಿಕ್ಷಣದಲ್ಲೂ ಪರಿಸರವನ್ನು ಕಡ್ಡಾಯವಾಗಿ ಕಲಿಸಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತು. ಪ್ರಾಥಮಿಕ ಶಾಲೆಗಳಲ್ಲಿ ‘ಪರಿಸರ ಅಧ್ಯಯನ’ ಪುಸ್ತಕವೂ ಇದೆ. ಆದರೆ ಜೂನ್ 5ರಂದು ಸಸಿ ನೆಟ್ಟು ಫೋಟೊ ತೆಗೆಸಿಕೊಂಡರೆ ಪಾಠ ಮುಗಿಯುವುದಿಲ್ಲ. ಬೇಸಿಗೆಯಲ್ಲಿ ಆ ಸಸಿಗೆ ನೀರು ಎಲ್ಲಿಂದ ಎಂಬ ಪ್ರಶ್ನೆಯಿಂದ ಪಾಠ ಶುರುವಾಗಬೇಕು.

ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿ ಇಲ್ಲ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ರೈತರು ನಂಬಿರುವುದು ಕೆರೆ ಮತ್ತು ಕೊಳವೆಬಾವಿಗಳನ್ನು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಅದು ಅಂತರ್ಜಲ ಹೆಚ್ಚಿಸಲು ಬಂದ ನೀರು, ಕುಡಿಯಲು ಅಲ್ಲ. ತುಂಬಿದ ಕೆರೆ ಕಂಡು ಖುಷಿಪಡುವ ಮಗುವಿಗೆ ಈ ವ್ಯತ್ಯಾಸ ತಿಳಿದಿರಬೇಕಲ್ಲವೇ?

ತಿಂಗಳಿಗೊಮ್ಮೆ ಮಕ್ಕಳನ್ನು ಕೆರೆ ಏರಿಗೆ ಕರೆದೊಯ್ದು ತೂಬು, ಕೋಡಿ, ರಾಜಕಾಲುವೆ ತೋರಿಸಬೇಕು. ಕಾಲುವೆಗೆ ಅಡ್ಡವಾಗಿರುವುದು ಕಸವೋ, ಹೂಳೋ, ಒತ್ತುವರಿಯೋ ಎಂದು ಮಕ್ಕಳೇ ನೋಡಿ ಬರೆದಿಡಲಿ.

ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಈಗಾಗಲೇ ಕೆಲಸದ ಹೊರೆ ಹೆಚ್ಚು, ನಿಜ. ಅದಕ್ಕೇ ನಮ್ಮ ವಿಜ್ಞಾನ ವಿಭಾಗದ ವಿದ್ಯಾರ್ಥಿಗಳು ಅವರ ಜೊತೆ ನಿಲ್ಲಬೇಕು. ಪ್ರಾಂಶುಪಾಲರು ಅನುಮತಿ ಕೊಟ್ಟರೆ ಹತ್ತಿರದ ಒಂದು ಶಾಲೆಯಿಂದಲೇ ಆರಂಭಿಸೋಣ.