ನಗಿಸೋನು ಆಳಬಾರದೇನ್ರೀ?

"ರಾಜಕೀಯ ಅಂದ್ರೆ ಜೋಕರ್‌ಗಳ ಕೆಲಸ ಅಲ್ಲ." ಯಾವನಾದ್ರೂ ಹಾಸ್ಯ ನಟ ಚುನಾವಣೆಗೆ ನಿಂತ ಸುದ್ದಿ ಬಂದ್ರೆ ಸಾಕು, ನಮ್ಮ ಕುಸನೂರಿನ ಚಹಾದಂಗಡಿಯಿಂದ ಹಿಡಿದು ಬ್ಲಾಗುಗಳ ತನಕ ಇದೇ ಮಾತು. ನನಗೆ ಈ ಮಾತು ಕೇಳಿದ್ರೆ ಮೈ ಉರೀತದ. ಇಷ್ಟು ದಿನ ಗಂಭೀರ ಮುಖದವರೇ ಆಳಿದ್ರಲ್ಲ, ಏನು ಉದ್ಧಾರ ಆತು ಅಂತ ಹೇಳ್ರಿ ನೋಡೋಣ.

ಐಸ್‌ಲ್ಯಾಂಡಿನ ಯೋನ್ ಗ್ನಾರ್ ಅನ್ನೋ ಹಾಸ್ಯಗಾರನ ಕಥೆ ಕೇಳ್ರಿ. ರೇಡಿಯೋ, ಟೀವಿಯಲ್ಲಿ ಜನರನ್ನ ನಗಿಸ್ತಿದ್ದವ. 2008ರಲ್ಲಿ ಆ ದೇಶದ ಬ್ಯಾಂಕುಗಳು ಮಕಾಡೆ ಮಲಗಿದ ಮೇಲೆ 'ಅತ್ಯುತ್ತಮ ಪಕ್ಷ' ಅಂತ ಒಂದು ಪಕ್ಷ ಕಟ್ಟಿದ. ಈಜುಕೊಳದಾಗ ಪುಕ್ಕಟೆ ಟವೆಲ್ ಕೊಡ್ತೀನಿ, ಮೃಗಾಲಯಕ್ಕೆ ಹಿಮಕರಡಿ ತರ್ತೀನಿ, ಕೊಟ್ಟ ಮಾತು ಮುರೀತೀನಿ ಅಂತ ಮೊದಲೇ ಹೇಳಿಬಿಟ್ಟ. 2010ರಲ್ಲಿ ರೇಕ್ಯಾವಿಕ್ ಮೇಯರ್ ಆಗಿ ನಾಲ್ಕು ವರ್ಷ ಅವಧಿ ಪೂರ್ತಿ ಮುಗಿಸಿದ. ಊರೇನು ಮುಳುಗಲಿಲ್ಲ.

ಅಷ್ಟು ದೂರ ಯಾಕ್ರಿ, ನಮ್ಮಲ್ಲೇ ದಿನಕರ ದೇಸಾಯಿ ಇದ್ರಲ್ಲ! ಚುಟುಕು ಅಂದ ಕೂಡಲೇ ಎಲ್ಲರೂ ಅವರ ಹೆಸರು ಹೇಳ್ತಾರ, ಅಲ್ಲಿಗೆ ಮಾತು ಮುಗೀತು. ಅಂಕೋಲಾ ಸೀಮೆಯ ಈ ಮನುಷ್ಯ (1909-1982) ಉತ್ತರ ಕನ್ನಡದ ಗೇಣಿದಾರ ರೈತರನ್ನ ಸಂಘಟಿಸಿದ್ದಕ್ಕೆ ಬ್ರಿಟಿಷ್ ಸರ್ಕಾರ 1940ರಿಂದ ಐದು ವರ್ಷ ಸ್ವಂತ ಜಿಲ್ಲೆಗೇ ಕಾಲಿಡದ ಹಾಗೆ ಗಡಿಪಾರು ಮಾಡಿತ್ತು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಬಡವರ ಮಕ್ಕಳಿಗೆ ಶಾಲೆ ತೆರೆದ್ರು. 'ಜನಸೇವಕ' ಪತ್ರಿಕೆ ನಡೆಸಿದ್ರು. 1967ರಲ್ಲಿ ಪಕ್ಷೇತರರಾಗಿ ನಿಂತು ಲೋಕಸಭೆಗೆ ಗೆದ್ದು ಹೋದ್ರು. ನಾಲ್ಕು ಸಾಲಿನಾಗ ಮಂತ್ರಿ-ಅಧಿಕಾರಿಗಳನ್ನ ಚುಚ್ಚುತ್ತಿದ್ದವರೇ ಗೇಣಿದಾರನ ಬೆನ್ನಿಗೂ ನಿಂತಿದ್ರು. ಇವರನ್ನ ಯಾರಾದ್ರೂ ಜೋಕರ್ ಅನ್ನಲಿ ನೋಡೋಣ.

"ಮುಖ್ಯಮಂತ್ರಿ ಚಂದ್ರು ಏನು ಮಾಡಿದ್ರು?" ಅಂತ ಕೇಳೋರಿದ್ದೀರಿ, ಗೊತ್ತು. 1985ರಲ್ಲಿ ಗೌರಿಬಿದನೂರಿನಿಂದ ಜನತಾ ಪಕ್ಷದ ಶಾಸಕ, ಆಮೇಲೆ ಬಿಜೆಪಿ, ಕಾಂಗ್ರೆಸ್, 2022ರಲ್ಲಿ ಆಮ್ ಆದ್ಮಿ. ಪಕ್ಷ ಬದಲಿಸಿದ್ದಕ್ಕೆ ಬೈಯ್ರಿ, ಬ್ಯಾಡ ಅನ್ನಲ್ಲ. ಆದರೆ ಪಕ್ಷ ಬದಲಿಸೋ ರೋಗ ನಾಟಕದವರಿಂದ ಬಂದದ್ದೇನ್ರೀ? ಒಮ್ಮೆಯೂ ನಗದ ಎಷ್ಟು ಮಂದಿ ಟೋಪಿ ಬದಲಿಸಿಲ್ಲ?

ನನ್ನ ಜಗಳ ಇರೋದು ಬೇರೆ ಕಡೆ. ನಾವು ಹಾಸ್ಯವನ್ನ ಹಲ್ಲು ಕಿತ್ತ ಹಾವು ಮಾಡಿ ಬುಟ್ಟಿಯೊಳಗ ಇಟ್ಟೀವಿ. ನಗೆಹಬ್ಬಕ್ಕೆ ಹೋಗ್ರಿ, ಹೆಂಡತಿ ಜೋಕು, ಕುಡುಕನ ಜೋಕು, ಕನ್ನಡ ಮೇಷ್ಟ್ರ ಜೋಕು. ಸಿನಿಮಾ ನೋಡ್ರಿ, ನಮ್ಮ ಕಲಬುರಗಿ ಮಾತೇ ಒಂದು ಜೋಕು! ಕೆಲಸದವನು ಇಲ್ಲಾ ಪೆದ್ದ ಮಾತ್ರ 'ಯಾಕ್ರಿ, ಹ್ಯಾಂಗ್ರಿ' ಅಂತಾನ. ನಾವೂ ಚಪ್ಪಾಳೆ ಹೊಡೀತೀವಿ. ತೊಗರಿ ಬೆಲೆ ಬಿದ್ದಾಗ, ಬ್ಯಾಸಿಗ್ಯಾಗ ಕೊಡ ಹಿಡಕೊಂಡು ಟ್ಯಾಂಕರ್ ಕಾಯುವಾಗ, 371(ಜೆ) ಬಂದು ಇಷ್ಟು ವರ್ಷ ಆದ ಮೇಲೂ ಹುದ್ದೆ ಖಾಲಿ ಬಿದ್ದಾಗ ಯಾರ ಮ್ಯಾಲೆ ಜೋಕು ಬರಬೇಕಿತ್ತು? ಆಗ ವೇದಿಕೆ ಮೇಲಿನವರ ಬಾಯಿಗೆ ಬೀಗ. ಯಾಕಂದ್ರ ಮುಂದಿನ ಸಾಲಿನಾಗ ಶಾಲು ಹೊದ್ದು ಕೂತವರು ಅವರೇ, ಕಾರ್ಯಕ್ರಮಕ್ಕೆ ರೊಕ್ಕ ಕೊಟ್ಟವರೂ ಅವರೇ.

ಕೆಳಗಿದ್ದವನನ್ನ ನೋಡಿ ನಗಿಸೋದು ಸುಲಭ, ಅದಕ್ಕೆ ಗುಂಡಿಗೆ ಬೇಕಾಗಿಲ್ಲ. ಮೇಲಿದ್ದವನನ್ನ ನೋಡಿ ನಗೋದನ್ನ ಜನರಿಗೆ ಕಲಿಸಿದವನು ಅರ್ಧ ರಾಜಕೀಯ ಆಗಲೇ ಮಾಡಿದಂಗ. ಅಂಥವನು ಚುನಾವಣೆಗೂ ನಿಂತ್ರೆ ನನ್ನ ಓಟು ಅವನಿಗೇ. ಗೆದ್ದ ಮೇಲೆ ಗಂಭೀರ ಮುಖ ಮಾಡ್ಕೊಂಡು ಕೂತನೋ, ಮುಂದಿನ ಸಲ ಅವನ ಮ್ಯಾಲೇ ನಾಲ್ಕು ಚುಟುಕು ಬರೆಯೋಣ.

ಒಪ್ಪದವರು ಧಾರಾಳವಾಗಿ ಬೈದು ಬರೀರಿ. ಆದರೆ ದೇಸಾಯರನ್ನ ಬರೀ ಚುಟುಕದ ಪುಸ್ತಕದೊಳಗ ಮಡಚಿಡಬ್ಯಾಡ್ರಿ.